ಭಾನುವಾರದ ಮೀನಿನ ತಲೆ

ನನಗೆ ನನ್ನ ಅಣ್ಣನ ಮೇಲೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀವಾಗಿ ಕಂಡುಹಿಡಿದು ಉಗಿಯುವುದಕ್ಕಿಂತ ನಾನೇ ಒಪ್ಪಿಕೊಂಡರೆ ಸ್ವಲ್ಪವಾದರೂ ಮರ್ಯಾದೆ ಉಳಿದೀತು. ಅವನಿಗೆ ಅರವತ್ತಾರು, ನನಗೆ ಅರವತ್ತು. ಅವನ ಎಡಗಾಲು ಮೊಣಕಾಲಿನಿಂದ ಕೆಳಕ್ಕೆ ಇಲ್ಲ. ಗಾಲಿಕುರ್ಚಿಯಲ್ಲಿ ಕೂತ ಅಣ್ಣನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ತಮ್ಮ ಎಂಥವನಿರಬೇಕು ಎಂದು ನನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮ ಕೇಳಿದ್ದಾಳೆ. ಇಂಥವನೇ, ನೋಡಿಕೋ ಎಂದಿದ್ದೇನೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇದೆ. ಮೀನು ಹಿಡಿದವನ ತಟ್ಟೆಗೇ ಮೀನಿನ ತಲೆ. ಮನೆಗೆ ನೆಂಟರು ಬಂದಿರಲಿ, ಹೊಸ ಅಳಿಯ ಬಂದಿರಲಿ, ಅಪ್ಪನೇ ಪಕ್ಕದಲ್ಲಿ ಕೂತಿರಲಿ, ತಲೆ ಮಾತ್ರ ಯಾರಿಗೂ ಬಿಟ್ಟುಕೊಡುವಂತಿಲ್ಲ. ಬಿಸಿ ಮುದ್ದೆಯ ಪಕ್ಕ ಹುಳಿ ಖಾರದಲ್ಲಿ ಬೆಂದ ತಲೆ ಬಂದು ಕೂತರೆ ಅಂದಿನ ಮಟ್ಟಿಗೆ ಆ ಮನೆಯ ಯಜಮಾನ ಅವನೇ. ಚಿಕ್ಕಂದಿನಲ್ಲಿ ಅದು ಯಾವಾಗಲೂ ದೇವರಾಜಣ್ಣನ ತಟ್ಟೆಗೇ ಹೋಗುತ್ತಿತ್ತು. ಗಾಳ ಕಟ್ಟುವುದನ್ನು ನನಗೆ ಕಲಿಸಿದವನೂ ಅವನೇ, ಕಲಿಸಿದಷ್ಟನ್ನು ನಾನು ಮಾಡಿ ತೋರಿಸುವುದರೊಳಗೆ ಎರಡು ಮೀನು ಹಿಡಿದು ಕೂತಿರುತ್ತಿದ್ದವನೂ ಅವನೇ. ನಾನು ಬಾಲದ ತುಂಡು ತಿಂದು ಬೆಳೆದವನು.

ಹನ್ನೊಂದು ವರ್ಷದ ಹಿಂದೆ ಚನ್ನರಾಯಪಟ್ಟಣದಿಂದ ಬೈಕಿನಲ್ಲಿ ಬರುತ್ತಿದ್ದವನಿಗೆ ಶಾಂತಿಗ್ರಾಮದ ಹತ್ತಿರ ಲಾರಿ ತಗುಲಿತು. ಹಾಸನದಲ್ಲಿ ಕಾಲು ತೆಗೆದರು. ನಾನು ಅತ್ತೆ. ನಿಜವಾಗಿಯೂ ಅತ್ತೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಟವೆಲ್ಲು ಬಾಯಿಗೆ ತುರುಕಿಕೊಂಡು ಅತ್ತೆ. ಅವನು ಮನೆಗೆ ಬಂದ ಎರಡನೇ ತಿಂಗಳು ನಾನೊಂದು ರೋಹು ಹಿಡಿದು ಅವನ ಮನೆಗೆ ಒಯ್ದೆ. ಅತ್ತಿಗೆ ಸಾರು ಮಾಡಿ, ಒಂದು ಕ್ಷಣ ಸೌಟು ಹಿಡಿದು ನಿಂತು, ತಲೆಯನ್ನು ನನ್ನ ತಟ್ಟೆಗೆ ಹಾಕಿದರು. ಅಣ್ಣ ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಆ ರುಚಿಯನ್ನು ಏನೆಂದು ಹೇಳಲಿ! ಅಂದಿನಿಂದ ಪ್ರತಿ ಭಾನುವಾರ ನಾನು ಅಣ್ಣನ ಮನೆಗೆ ಮೀನು ಒಯ್ಯುತ್ತಿದ್ದೆ. ಊರವರು ತಮ್ಮ ಅಂದರೆ ಹೀಗಿರಬೇಕು ಎಂದು ಹೊಗಳಿದರು, ನಾನು ಬೇಡ ಎನ್ನಲಿಲ್ಲ.

ಅವನು ನೀರಿನ ಹತ್ತಿರ ಹೋಗುವಂತಿರಲಿಲ್ಲ. ನಮ್ಮದು ಅತ್ತಿಹಳ್ಳದ ಡ್ಯಾಮು, ಕೊಣನೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಕಟ್ಟಿ ಐವತ್ತು ವರ್ಷ ದಾಟಿತು. ನಮ್ಮ ಹಳೆಯ ಊರು ಅದರೊಳಗೇ ಮುಳುಗಿದೆ. ಆಗ ನನಗೆ ಹತ್ತು ವರ್ಷ, ಅಣ್ಣನಿಗೆ ಹದಿನಾರು. ಮೊದಮೊದಲು ಏರಿಯಿಂದ ನೇರವಾಗಿ ನೀರಿಗೆ ಕಾಲು ಇಳಿಬಿಡಬಹುದಿತ್ತು. ಈಗ ಹೂಳು ತುಂಬಿ, ನೀರು ಸಿಗಬೇಕಾದರೆ ನೂರು ಹೆಜ್ಜೆ ಮೊಣಕಾಲುದ್ದದ ಕೆಸರು ತುಳಿಯಬೇಕು. ಒಂದು ಸಲ, ನನ್ನ ಬೆನ್ನ ಮೇಲೆ ಕೂತು ಬಾ ಅಣ್ಣ, ಹೊತ್ಕಂಡು ಹೋಗ್ತೀನಿ ಎಂದಿದ್ದೆ. ಅವನು ಬೇಡ ಎಂದ. ಎರಡನೆಯ ಸಲ ನಾನು ಕೇಳಲಿಲ್ಲ.

ಈಗ ನಾಚಿಕೆಯ ಮಾತು. ಎರಡು ಮೂರು ವರ್ಷದಿಂದ ಡ್ಯಾಮಿನಲ್ಲಿ ಮೀನು ಸಿಗುವುದು ನಿಂತೇಹೋಗಿತ್ತು. ಹಳೆಯ ಊರಿನ ಬಾವಿಯ ಪಕ್ಕ ಒಂದು ದೊಡ್ಡ ಹುಣಸೆಮರ ನೀರೊಳಗೆ ನಿಂತಿತ್ತು. ನನ್ನ ಜಾಗ ಅದು. ಯಾರಿಗೂ ತೋರಿಸದ ಆ ಜಾಗದಲ್ಲಿ ಗಾಳ ಬಿಟ್ಟರೆ ಬರಿಗೈಲಿ ಬಂದದ್ದೇ ಇರಲಿಲ್ಲ. ಕೊನೆಗೆ ಅಲ್ಲಿಯೂ ಇಡೀ ದಿನ ಕೂತರೆ ಅಂಗೈಯಗಲದ ಜಿಲೇಬಿ ಮೀನು ಒಂದೋ ಎರಡೋ. ಅದನ್ನು ಹಿಡಿದುಕೊಂಡು ಯಾವ ಮುಖದಲ್ಲಿ ಅಣ್ಣನ ಮನೆಗೆ ಹೋಗುವುದು? ಕೊಣನೂರು ಸಂತೆಯಲ್ಲಿ ಮೀನು ಕೊಂಡೆ. ಏರಿಯ ಹಿಂದೆ ಕೂತು, ಆ ಸತ್ತ ಮೀನಿನ ತುಟಿಗೆ ನನ್ನ ಗಾಳ ಚುಚ್ಚಿ ತೂತು ಮಾಡಿದೆ, ಡ್ಯಾಮಿನ ಕೆಸರು ಸವರಿದೆ, ಅಣ್ಣನ ಮುಂದೆ ಹಿಡಿದೆ. ಅವನು ಎತ್ತಿ ತುಟಿ ನೋಡಿ, "ಚೆಂದಾಗೈತೆ ಕಣ್ಲಾ ಮಂಜ" ಎಂದ. ತಲೆ ನನ್ನ ತಟ್ಟೆಗೆ ಬಂತು. ಹೀಗೆ ಎರಡು ವರ್ಷ ಸಂತೆಯ ಮೀನಿನ ತಲೆ ತಿಂದೆ.

ಹೀಗಿರುವಾಗ ತಿರುನಾರಾಯಣ ಬಂದರು. ಹೊಳೆನರಸೀಪುರದವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ದೇವಸ್ಥಾನದ ಬೀದಿಯ ಮನೆತನ. ಹಣೆಯ ಮೇಲೆ ನಾಮ, ಕೈಯಲ್ಲಿ ನೀರಿನ ಆಳವನ್ನೂ ಅಡಿಯಲ್ಲಿರುವ ಮೀನನ್ನೂ ತೋರಿಸುವ ಸಣ್ಣ ಯಂತ್ರ. ಹುಟ್ಟಿದಾಗಿನಿಂದ ಒಂದು ಮೀನನ್ನೂ ಬಾಯಿಗಿಟ್ಟವರಲ್ಲ. ಅಂಥವರು ನಮ್ಮ ಊರಿನ ಶಾಲೆಯಲ್ಲಿ ಸಭೆ ಸೇರಿಸಿ, ಮೀನು ಎಲ್ಲಿ ಇರುತ್ತದೆ ಎಂದು ನಮಗೆ ಪಾಠ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಆದರೆ ಅವರು ಹೇಳಿದ್ದು ನಿಜ. ಡ್ಯಾಮು ತುಂಬಿದಾಗ ನೀರೊಳಗೆ ಮರಗಳಿದ್ದವು, ಬೇಲಿಗಳಿದ್ದವು, ಗೋಡೆಗಳಿದ್ದವು. ಮರಿಮೀನುಗಳು ಅವುಗಳ ಸಂದಿಯಲ್ಲಿ ಅವಿತು ಬದುಕುತ್ತಿದ್ದವು. ಐವತ್ತು ವರ್ಷದಲ್ಲಿ ಮರ ಕೊಳೆಯಿತು, ಗೋಡೆ ಕರಗಿತು, ಉಳಿದದ್ದನ್ನು ಹೂಳು ಮುಚ್ಚಿತು. "ತಳ ಈಗ ಸಾರಿಸಿದ ಅಂಗಳದ ಹಾಗೆ ಬೋಳಾಗಿದೆ. ಮರಿ ಬಿಟ್ಟರೆ ದೊಡ್ಡ ಮೀನು ತಿನ್ನುತ್ತೆ, ಇಲ್ಲ ನೀರುಕಾಗೆ ತಿನ್ನುತ್ತೆ" ಎಂದರು. ಕೊಂಬೆಗಳನ್ನು ಹೊರೆ ಕಟ್ಟಿ, ಕಲ್ಲು ಬಿಗಿದು ಮುಳುಗಿಸಬೇಕು. ಜೊತೆಗೆ ಏರಿಯಿಂದ ಒಂದು ಇಳಿಜಾರು ದಾರಿ, ಅದರ ತುದಿಗೆ, ಹೊರೆಗಳ ಹತ್ತಿರವೇ, ನೀಲಿ ಡ್ರಮ್ಮುಗಳ ಮೇಲೆ ತೇಲುವ ಅಟ್ಟಣೆ. ನೀರು ಏರಲಿ, ಇಳಿಯಲಿ, ಅಟ್ಟಣೆಯೂ ಜೊತೆಗೇ ಏರಿ ಇಳಿಯುತ್ತದೆ. ವಯಸ್ಸಾದವರು, ಕಾಲಿಲ್ಲದವರು, ಹೆಂಗಸರು ಯಾರು ಬೇಕಾದರೂ ಕೆಸರು ತುಳಿಯದೆ ಗಾಳ ಹಾಕಬಹುದು. ಮೀನುಗಾರಿಕೆ ಇಲಾಖೆಯವರೂ ಪಂಚಾಯಿತಿಯವರೂ ಒಪ್ಪಿದ್ದಾರೆ ಎಂದರು.

ಕಾಲಿಲ್ಲದವರು ಎಂಬ ಮಾತು ಬಂದಾಗ ಸಭೆಯಲ್ಲಿದ್ದವರೆಲ್ಲ ಅಣ್ಣನ ಕಡೆ ತಿರುಗಿದರು. ಅವನ ಮುಖ ನೋಡಿದೆ. ಹನ್ನೊಂದು ವರ್ಷದಿಂದ ಆ ಮುಖದಲ್ಲಿ ಅಂಥ ಬೆಳಕು ಕಂಡಿರಲಿಲ್ಲ. ತಮ್ಮನಾದವನಿಗೆ ಸಂತೋಷವಾಗಬೇಕಿತ್ತು. ನನಗೆ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು. ಇವನು ಮತ್ತೆ ನೀರಿಗೆ ಬಂದರೆ ನಾನು ಮತ್ತೆ ಬಾಲದ ತುಂಡಿಗೆ ಹೋಗಬೇಕು.

ಹೊರೆಗಳನ್ನು ಎಲ್ಲಿ ಮುಳುಗಿಸಬೇಕು ಎಂದು ಮೇಷ್ಟ್ರು ಅಣ್ಣನನ್ನೇ ಕೇಳಿದರು, ಹಳೆಯ ಊರು ಕಂಡವರಲ್ಲಿ ಇಲ್ಲೇ ಉಳಿದಿರುವವರು ನಾವಿಬ್ಬರೇ. ಅಣ್ಣ ನನ್ನ ಕಡೆ ಬೆರಳು ತೋರಿದ. "ನಾನು ನೀರು ಬುಟ್ಟು ಬಾಳ ದಿನ ಆಯ್ತು ಸಾ. ಈಗ ನೀರು ಬಲ್ಲೋನು ನನ್ನ ತಮ್ಮ. ಅವನ್ನ ಕೇಳಿ" ಎಂದ.

ಮಾರನೆಯ ದಿನ ಏರಿಯ ಮೇಲೆ ನಿಂತು ನಾನು ಜಾಗ ತೋರಿಸಿದೆ. ಬಾವಿ, ಹುಣಸೆಮರ ಇದ್ದ ಕಡೆಗಲ್ಲ. ಅದಕ್ಕೆ ಪೂರ್ತಿ ಎದುರು ದಿಕ್ಕಿಗೆ, ಹಳೆಯ ಊರಿನವರು ರಾಗಿ ಒಕ್ಕುತ್ತಿದ್ದ ಜಾಗಕ್ಕೆ. ಕಲ್ಲಿನ ಗುಂಡು ಉರುಳಿಸಿ, ಸಗಣಿ ಬಳಿದು ಗಟ್ಟಿಮಾಡಿದ ಬೋಳು ನೆಲ. ಐವತ್ತು ವರ್ಷದಲ್ಲಿ ಅಲ್ಲಿ ಒಂದು ಮೀನು ಸಿಕ್ಕಿದ್ದನ್ನು ನಾನು ಕಂಡಿಲ್ಲ. "ಇಲ್ಲೇ ಸಾ ಊರಿನ ತೋಪು ಇದ್ದಿದ್ದು. ಮೀನು ಕೂರೋ ಜಾಗ ಅಂದ್ರೆ ಇದೇಯ" ಎಂದೆ. ಗಾಲಿಕುರ್ಚಿಯಲ್ಲಿ ಪಕ್ಕದಲ್ಲೇ ಕೂತಿದ್ದ ಅಣ್ಣ ನನ್ನ ಮುಖ ನೋಡಿದ. ಅದೇ ಜಾಗದಲ್ಲಿ ಎತ್ತಿನ ಹಿಂದೆ ನಾವಿಬ್ಬರೂ ಓಡಿದ್ದು ಅವನಿಗೆ ಮರೆತಿರಲು ಸಾಧ್ಯವಿಲ್ಲ. ಆಮೇಲೆ ನೀರಿನ ಕಡೆ ತಿರುಗಿಕೊಂಡ. ಮೇಷ್ಟ್ರು ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಕೆಲಸ ಶುರುವಾಯಿತು. ಬೇಸಿಗೆಯಲ್ಲಿ ಊರಿನವರೆಲ್ಲ ಸೇರಿ ಬಿದಿರು, ಸೀಬೆ ಕೊಂಬೆ, ಜಾಲಿಮುಳ್ಳು ಕಡಿದು ಹೊರೆ ಕಟ್ಟಿದರು. ಜಾಲಿ ಯಾಕೆಂದರೆ ಕದ್ದು ಬಲೆ ಎಳೆಯುವವರ ಬಲೆ ಅದಕ್ಕೆ ಸಿಕ್ಕಿ ಹರಿಯಲಿ ಅಂತ. ತೆಪ್ಪದಲ್ಲಿ ಒಯ್ದು ಮುಳುಗಿಸಿದರು. ನಾನೂ ಕಲ್ಲು ಹೊತ್ತೆ. ಇದೆಲ್ಲ ದಂಡ ಎಂದು ಗೊತ್ತಿದ್ದುದರಿಂದ ಬೇರೆಯವರಿಗಿಂತ ಹೆಚ್ಚು ಹುಮ್ಮಸ್ಸಿನಿಂದ ಹೊತ್ತೆ. ಬಿಳೀ ಪಂಚೆ ಮೇಲೆ ಕಟ್ಟಿ ಮೇಷ್ಟ್ರು ಸೊಂಟದವರೆಗೆ ನೀರಿಗಿಳಿದಿದ್ದರು. ಮನೆಗೆ ಹೋಗಿ ಇನ್ನೆಷ್ಟು ಸಲ ಸ್ನಾನ ಮಾಡುತ್ತಾರೋ ಎಂದು ನಾವು ನಕ್ಕೆವು.

ಒಂದು ಮಳೆಗಾಲ ಕಳೆಯಿತು. ದೀಪಾವಳಿ ಮುಗಿದ ಮೇಲೆ ಮೇಷ್ಟ್ರು ತೆಪ್ಪದಲ್ಲಿ ಹೋಗಿ ತಮ್ಮ ಯಂತ್ರ ಇಳಿಬಿಟ್ಟು ನೋಡಿ, ದಡಕ್ಕೆ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು. "ಮಂಜುನಾಥ್ ಅವರೇ, ಎಂಥಾ ಜಾಗ ತೋರಿಸಿದಿರಿ! ಕೆಳಗೆ ಗಟ್ಟಿ ನೆಲ, ಸ್ವಲ್ಪ ಎತ್ತರ ಬೇರೆ. ಅಲೆ ಬಡಿದು ಹೂಳು ನಿಲ್ಲೋಲ್ಲ. ಬಾವಿ ಕಡೆ ಹಾಕಿದ್ದಿದ್ರೆ ಅಷ್ಟೂ ಹೊರೆ ಕೆಸರಲ್ಲಿ ಹೂತು ಹೋಗ್ತಿತ್ತು. ಅಲ್ಲಿ ನಿಮ್ಮ ಹುಣಸೆಮರದ ಬುಡವೂ ಉಳಿದಿಲ್ಲ. ಇಲ್ಲಿ ನೋಡಿ, ಮರಿ ಕಿಕ್ಕಿರಿದು ನಿಂತಿವೆ" ಎಂದರು. ಮರದ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಟ್ಟಣೆ ತೆರೆದ ದಿನ ಜಾಗ ತೋರಿಸಿದ್ದಕ್ಕೆ ನನಗೆ ಶಾಲು ಹೊದಿಸಿದರು. ಸುಳ್ಳಿಗೆ ಶಾಲು ಹೊದಿಸಿಕೊಂಡವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಅಂದು ಅಣ್ಣ ಒಬ್ಬರ ಸಹಾಯವನ್ನೂ ಕೇಳದೆ, ತಾನೇ ಗಾಲಿ ತಿರುಗಿಸಿಕೊಂಡು ಇಳಿಜಾರಿನಲ್ಲಿ ಇಳಿದು, ಅಟ್ಟಣೆಯ ತುದಿಗೆ ಹೋಗಿ ಕುರ್ಚಿಗೆ ಬ್ರೇಕು ಹಾಕಿದ. ರಾಗಿಹಿಟ್ಟಿಗೆ ಕಡಲೆಹಿಂಡಿ ಕಲಸಿ ಉಂಡೆ ಕಟ್ಟಿದ. ಗಾಳದ ಕಡ್ಡಿ ಬೀಸಿದ. ಹನ್ನೊಂದು ವರ್ಷ ಮುಟ್ಟದ ಕೈ ಸ್ವಲ್ಪವಾದರೂ ನಡುಗಲಿ ಎಂದು ಕಾದೆ. ನಡುಗಲಿಲ್ಲ. ಅರ್ಧ ಗಂಟೆಯಲ್ಲಿ ಒಂದು ರೋಹು ಮೇಲೆ ಬಂತು. ಅಟ್ಟಣೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವನ ಪಕ್ಕದಲ್ಲೇ, ಎರಡು ಮಾರು ಆಚೆ ನನ್ನ ಗಾಳ ಸುಮ್ಮನೆ ಬಿದ್ದಿತ್ತು.

ಆ ಮಧ್ಯಾಹ್ನ ಅತ್ತಿಗೆ ಸೌಟು ಹಿಡಿದು ನಿಲ್ಲಲಿಲ್ಲ. ತಲೆ ಸೀದಾ ಅಣ್ಣನ ತಟ್ಟೆಗೆ ಹೋಯಿತು. ಮುಂದಿನ ಭಾನುವಾರವೂ ಅವನ ತಟ್ಟೆಗೇ. ಅದರ ಮುಂದಿನದೂ. ನಾನು ಕಡ್ಡಿ ಬದಲಿಸಿದೆ, ಎರೆಹುಳು ಹಾಕಿದೆ, ಅವನ ಉಂಡೆಯನ್ನೇ ಕದ್ದು ಹಾಕಿದೆ. ನನಗೆ ಎರಡು ಬಂದರೆ ಅವನಿಗೆ ಐದು, ನನಗೆ ಒಂದು ಕೇಜಿಯದು ಬಂದರೆ ಅವನಿಗೆ ಎರಡು ಕೇಜಿಯದು.

"ಅಲ್ಲ, ಭಾನುವಾರ ಬಂದ್ರೆ ಸಾಕು ಮಕ ಊದಿಸ್ಕಂಡು ಕೂರ್ತೀರಲ್ಲ, ಅವರೇನು ನಿಮ್ಮ ಆಸ್ತಿ ಬರಿಸ್ಕಂಡ್ರಾ? ಕಾಲು ಕಳ್ಕಂಡೋರು, ಒಂದು ಮೀನು ಹಿಡಿದು ನಗಬಾರ್ದಾ?" ಎಂದಳು ಚಿಕ್ಕಲಕ್ಷ್ಮಮ್ಮ.

"ನಗ್ಲಿ. ನನ್ನ ಮುಂದೆ ಯಾಕೆ ನಗ್ಬೇಕು?" ಎಂದೆ.

ಅವಳು ತಲೆ ಚಚ್ಚಿಕೊಂಡು ಒಳಗೆ ಹೋದಳು.

ಮಾಘಮಾಸದ ಒಂದು ಭಾನುವಾರ. ಬೆಳಗ್ಗೆ ಹತ್ತು ಗಂಟೆ ಇರಬಹುದು. ಅಟ್ಟಣೆಯ ಮೇಲೆ ಅರಕಲಗೂಡಿನಿಂದ ಬಂದವರು ಒಂದಷ್ಟು ಜನ, ಮೇಷ್ಟ್ರು, ನಾವಿಬ್ಬರು. ನೀರ ಮೇಲೆ ತೇಲುತ್ತಿದ್ದ ಅಣ್ಣನ ಗಾಳದ ಬೆಂಡು ಒಂದೇ ಏಟಿಗೆ ಮುಳುಗಿತು. ಕಡ್ಡಿ ಬಿಲ್ಲಿನಂತೆ ಬಗ್ಗಿತು, ಕುರ್ಚಿ ಕಿರ್ರೆಂದಿತು. ಕಾಲು ಗಂಟೆ ಆಡಿಸಿದ ಮೇಲೆ ಮೀನು ಮೇಲಕ್ಕೆ ಬಂದು ಮಗ್ಗುಲು ಹೊರಳಿತು. ಕಾಟ್ಲಾ. ಎಂಟು ಕೇಜಿಗೆ ಕಡಿಮೆ ಇಲ್ಲ. ನಮ್ಮ ಡ್ಯಾಮಿನಲ್ಲಿ ಅಂಥ ಮೀನು ಕಂಡು ಇಪ್ಪತ್ತು ವರ್ಷವಾಗಿತ್ತು.

"ಮಂಜ, ಕೈಬಲೆ ಹಿಡಿಲಾ! ಬಿರ್ರನೆ!" ಎಂದ ಅಣ್ಣ. ಕುರ್ಚಿಯಿಂದ ಬಗ್ಗಿ ಎತ್ತುವುದು ಅವನಿಂದಾಗದು. ಅದೊಂದಕ್ಕೆ ಅವನಿಗೆ ನಾನು ಬೇಕು.

ಬಲೆ ಹಿಡಿದು ಅಟ್ಟಣೆಯ ಅಂಚಿಗೆ ಮಂಡಿಯೂರಿದೆ. ಮೀನನ್ನು ತಲೆಯ ಕಡೆಯಿಂದ ಬಲೆಗೆ ಬಿಟ್ಟುಕೊಳ್ಳಬೇಕು. ಬಾಲಕ್ಕೆ ಬಲೆ ತಗುಲಿದರೆ ಅದು ಒದೆಯುತ್ತದೆ, ಬಿಗಿಯಾಗಿರುವ ದಾರ ಹರಿಯುತ್ತದೆ. ಡ್ಯಾಮು ಕಟ್ಟುವ ಮೊದಲೇ, ನನ್ನ ಏಳನೇ ವಯಸ್ಸಿನಲ್ಲಿ, ಹಳ್ಳದ ದಡದಲ್ಲಿ ಇದನ್ನು ಕಲಿಸಿದವನು ಕುರ್ಚಿಯಲ್ಲಿ ಕೂತಿದ್ದಾನೆ. ನಾನು ಬಲೆಯ ಬಳೆಯನ್ನು ಬಾಲಕ್ಕೆ ತಾಗಿಸಿದೆ. ಕೈ ತಪ್ಪಿ ಅಲ್ಲ. ನೋಡಿ, ಗುರಿಯಿಟ್ಟು, ತಾಗಿಸಿದೆ.

ನೀರು ನನ್ನ ಮುಖಕ್ಕೆ ಹೊಡೆಯಿತು. ದಾರ ಟಪ್ಪೆಂದಿತು. ಮೀನು ಹೋಯಿತು.

ಅಟ್ಟಣೆಯ ಮೇಲಿದ್ದವರೆಲ್ಲ ಅಯ್ಯೋ ಎಂದರು. ಮೀನು ತಿನ್ನದ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಅಯ್ಯೋ ಎಂದರು. ನಾನು ತಲೆ ಎತ್ತುವುದರೊಳಗೆ ಅಣ್ಣ ಹೇಳಿಯಾಗಿತ್ತು: "ನಂದೇ ತೆಪ್ಪು ಸಾ. ದಾರ ಬಿಗಿ ಮಾಡ್ಬುಟ್ಟೆ. ಮಂಜ ಏನ್ ಮಾಡ್ತಾನೆ ಪಾಪ."

ಆ ಪಾಪ ಎನ್ನುವ ಮಾತು ನನಗೆ ಕಪಾಳಕ್ಕೆ ಬಾರಿಸಿದ್ದಕ್ಕಿಂತ ಹೆಚ್ಚಾಯಿತು. ಜನ ಆ ಮೀನಿನ ಉದ್ದವನ್ನು ಕೈಯಲ್ಲಿ ತೋರಿಸಿಕೊಳ್ಳುತ್ತಾ ದಡದ ಮೇಲಿನ ಟೀ ಅಂಗಡಿಗೆ ಹೋದರು. ನಾವಿಬ್ಬರೇ ಉಳಿದೆವು. ಒದ್ದೆ ಪಂಚೆಯಲ್ಲಿ ಅವನ ಮುಂದೆ ನಿಂತು ಬೇಡಬಾರದ್ದನ್ನು ಬೇಡುವವನಂತೆ ಕೇಳಿದೆ.

"ಬೈಯಿ ಅಣ್ಣ. ನಾನು ಬೇಕಂತ್ಲೇ ಮಾಡ್ದೆ."

"ಗೊತ್ತು ಕಣ್ಲಾ. ನಾನು ಕುರುಡನಾ?"

"ಒಕ್ಕೋ ಜಾಗವ ತೋಪು ಅಂತ ತೋರ್ಸಿದ್ದೂ ಬೇಕಂತ್ಲೇ."

"ಅದೂ ಗೊತ್ತು. ಆಮ್ಯಾಕೆ ಮೇಷ್ಟ್ರಿಗೆ ಬಾವಿ, ಹುಣಸೆಮರ ಎಲ್ಲೈತೆ ಅಂತ ನಾನೇ ಯೋಳ್ದೆ. ಅವರು ಎರಡು ಕಡೆನೂ ನೋಡಿ, ನೀನು ತೋರಿಸಿದ್ದೇ ವಾಸಿ ಅಂದ್ರು. ನಿನ್ನ ಅದೃಷ್ಟ."

ಉಳಿದದ್ದು ಒಂದೇ. ಅದನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಎರಡು ವರ್ಸ ನಾನು ತಂದಿದ್ದು..."

"ಸಂತೆ ಮೀನು" ಎಂದ ಅವನು. "ಸತ್ತ ಮೀನಿಗೆ ಗಾಳ ಚುಚ್ಚಿದ್ರೆ ರಕ್ತ ಬರಾಕಿಲ್ಲ ಕಣ್ಲಾ. ತೂತು ಬೆಳ್ಳಗಿರ್ತದೆ. ಮೊದಲ್ನೇ ವಾರನೇ ನೋಡ್ದೆ."

ಅಟ್ಟಣೆಯ ಹಲಗೆಯ ಮೇಲೆ ಕೂತೆ. ಎರಡು ವರ್ಷ ಎಲ್ಲ ಗೊತ್ತಿದ್ದೂ ತಮ್ಮನ ಮರ್ಯಾದೆ ಕಾಯಲು ಸುಮ್ಮನಿದ್ದನಲ್ಲ, ಎಂಥ ದೊಡ್ಡ ಮನಸ್ಸು ಎನಿಸಿತು. ಅಷ್ಟು ಒಳ್ಳೆಯವನ ಎದುರಿಗೆ ಇನ್ನು ನಾನು ಬದುಕುವುದು ಹೇಗೆ? ಅವನ ಕಾಲು ಹಿಡಿಯಲು ಕೈ ಚಾಚಿದೆ. ಇರುವುದು ಒಂದೇ ಕಾಲು, ಅದನ್ನು ಅವನು ಹಿಂದಕ್ಕೆ ಎಳೆದುಕೊಂಡ.

"ಥೂ, ಎದ್ದೇಳ್ಲಾ. ನಾನೇನೂ ದೇವರಲ್ಲ. ನಿನಗೆ ಯಾಕೆ ಯೋಳ್ಲಿಲ್ಲ ಗೊತ್ತಾ?" ಅವನು ನೀರಿನ ಕಡೆ ನೋಡುತ್ತಾ ಹೇಳಿದ. "ಒಂಬತ್ತು ವರ್ಸ ನೀನು ನನ್ನ ಮುಂದೆ ಕುಂತು ಆ ತಲೆಯ ಮೂಳೆ ಮೂಳೆ ಚೀಪ್ತಿದ್ದೆ. ನಾನು ಉಣ್ಣಾದು ಬುಟ್ಟು ಎದ್ದೋಗನಾ ಅಂದ್ರೆ ಎದ್ದೋಗಾಕೆ ಕಾಲಿರಲಿಲ್ಲ. ನೀನು ಹೊಳೆಗೆ ಬಿದ್ದು ಸಾಯ್ಲಿ ಅಂತ್ಲೂ ಅಂದ್ಕಂಡಿದ್ದೀನಿ. ಆ ಬೆಳ್ಳಗಿನ ತೂತು ಕಂಡ ದಿನ ನಂಗೆ ಎಷ್ಟು ಖುಸಿ ಆಯ್ತು ಅಂತೀಯ! ನಿನ್ನ ಕಾಲು ಎರಡೂ ನೆಟ್ಟಗಿದ್ರೂ ನೀನೂ ನನ್ನಂಗೇ ಬರಿಗೈ ಆದೆ ಅಂತ. ಆಮ್ಯಾಕೆ ವಾರ ವಾರ ನಾನೇ ಕಾಯ್ತಿದ್ದೆ, ನೀನು ಸಂತೆ ಮೀನಿನ ತಲೆಯ ಗತ್ತಿನಲ್ಲಿ ತಿನ್ನಾದ ನೋಡಾಕೆ. ಯೋಳ್ಬುಟ್ಟಿದ್ರೆ ಆ ಮಜಾ ಓಗ್ಬುಡ್ತಿತ್ತು."

ಕೋಪ ಬಂತು, ಎದೆಯ ಮೇಲಿನಿಂದ ಚಪ್ಪಡಿಯೂ ಜಾರಿತು. ಅವನು ದೇವರಾಗಿದ್ದರೆ ನಾನು ಮತ್ತೆ ಆ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಅವನು ನನ್ನಂಥವನೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು, ಅದೇ ಕಿಚ್ಚು ಇಟ್ಟುಕೊಂಡು ಬೆಳೆದವನು.

"ಪಾಪ ಅಂದ್ಯಲ್ಲ ಆಗ್ಲೇ, ಅದು?" ಎಂದೆ.

"ಜನದ ಮುಂದೆ ಅಂಗಂದ್ರೆ ನಿಂಗೆ ಉರೀತದೆ ಅಂತ ಗೊತ್ತಿತ್ತು."

"ಉರೀತು."

"ಸರಿ. ಗಾಳ ಕಟ್ಟು ಈಗ. ನಂದು ಹರಿದೋಯ್ತು."

ಅವನಿಗೆ ಹೊಸ ಗಾಳ ಕಟ್ಟಿಕೊಟ್ಟೆ. ಗಂಟು ಬಿಗಿಯಾಗಿಯೇ ಹಾಕಿದೆ, ಅವನು ಎಳೆದು ನೋಡಿಯೇ ತೆಗೆದುಕೊಂಡ. ಇಬ್ಬರೂ ಪಕ್ಕಪಕ್ಕದಲ್ಲಿ ದಾರ ಬಿಟ್ಟು ಕೂತೆವು. ಆಗ ನನಗೊಂದು ವಿಷಯ ಗೊತ್ತಾಯಿತು. ನಾನು ನನ್ನ ಬೆಂಡನ್ನು ನೋಡುತ್ತಲೇ ಇಲ್ಲ, ನನ್ನ ಕಣ್ಣೆಲ್ಲ ಅಣ್ಣನ ಬೆಂಡಿನ ಮೇಲೆ. ಓರೆಗಣ್ಣಿನಲ್ಲಿ ಅವನತ್ತ ನೋಡಿದರೆ ಅವನು ಕತ್ತು ಚಾಚಿ ನನ್ನ ಬೆಂಡನ್ನೇ ಕಾಯುತ್ತಿದ್ದಾನೆ.

ಅಷ್ಟರಲ್ಲಿ ಅವನ ಬೆಂಡು ಎರಡು ಸಲ ಕುಣಿದು ಸದ್ದಿಲ್ಲದೆ ಒಳಗೆ ಹೋಯಿತು. ಅವನಿಗೆ ಗೊತ್ತಾಗಲೇ ಇಲ್ಲ. ಸುಮ್ಮನಿದ್ದರೆ ಮೀನು ಉಂಡೆ ತಿಂದು, ಗಾಳ ಉಗುಳಿ ಹೋಗುತ್ತದೆ. ಯಾರೂ ನನ್ನನ್ನು ದೂರುವಂತಿಲ್ಲ. ಒಂದು ಉಸಿರು ಹಿಡಿದೆ. ಎರಡು ಹಿಡಿದೆ. ಮೂರನೆಯದು ಹಿಡಿಯಲಾಗಲಿಲ್ಲ.

"ಎಳಿ ಅಣ್ಣ, ನಿಂದು ಮುಳುಗ್ತು!" ಎಂದು ಕೂಗಿದೆ. ಕೂಗಿದ ಕ್ಷಣವೇ ನನಗೆ ಹೊಟ್ಟೆ ಉರಿಯಿತು.